ನೇತ್ರಾಣಿಯೋ, ಅಂಡಮಾನೋ?

ಸ್ಕೂಬಾ ಡೈವಿಂಗ್ ಇಂದು ನವಲಗುಂದದ ವರ್ತಕ ಕುಟುಂಬಗಳಿಗೂ ಅಪರಿಚಿತವಲ್ಲ. ಆದರೆ ಅದರ ಶುಲ್ಕವೊಂದನ್ನೇ ಹೋಲಿಸುವುದು ಅಪೂರ್ಣ ಲೆಕ್ಕ. ಅಂಗಡಿಯಿಂದ ದೂರವಿರುವ ದಿನಗಳೂ ವೆಚ್ಚವೇ.

ಅಂಡಮಾನಿನಲ್ಲಿ ವಿಮಾನದಿಂದಿಳಿದ ಮೇಲೂ ಹ್ಯಾವ್‌ಲಾಕ್ (2018ರಿಂದ ಸ್ವರಾಜ್ ದ್ವೀಪ) ತಲುಪಲು ಹಡಗೇರಬೇಕು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಅನಿವಾರ್ಯ. ಹವಳದ ಸೊಬಗಿನಲ್ಲಿ ಇವೆರಡೂ ಮೇಲು, ಅದರಲ್ಲಿ ವಿವಾದವಿಲ್ಲ. ನೇತ್ರಾಣಿಯಾದರೋ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ.; ದೋಣಿಯಲ್ಲಿ ಒಂದೂವರೆ ಗಂಟೆಯ ಹಾದಿ.

ಹಾಗೆಂದು ಅದೇ ಸಂಜೆ ಊರಿಗೆ ಮರಳುವ ಯೋಜನೆ ಸಲ್ಲದು. ಮುಳುಗಿ ಎದ್ದವರ ದೇಹದಲ್ಲಿ ಹೆಚ್ಚುವರಿ ನೈಟ್ರೋಜನ್ ಕರಗಿ ಉಳಿದಿರುತ್ತದೆ. ಎತ್ತರಕ್ಕೇರಿದಾಗ ವಾಯುವಿನ ಒತ್ತಡ ತಗ್ಗಿ ಅದು ಗುಳ್ಳೆಗಟ್ಟಿದರೆ ಪ್ರಾಣಾಪಾಯವೂ ಉಂಟು. ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನವೇರಬಾರದೆಂಬುದು ಅಂಗೀಕೃತ ಸೂಚನೆ. 2,000 ಅಡಿಗಿಂತ ಎತ್ತರದ ಊರಿಗೆ ರಸ್ತೆಯಲ್ಲಿ ಹೋಗುವವರೂ ಇದನ್ನು ಪಾಲಿಸುವುದು ಲೇಸು. ಘಟ್ಟವೇರಿ ಸೇರುವ ಹುಬ್ಬಳ್ಳಿ ಆ ಮಟ್ಟಕ್ಕಿಂತ ಮೇಲಿದೆ!

ಆದಕಾರಣ ಮುರ್ಡೇಶ್ವರದ ಒಂದು ರಾತ್ರಿಯ ವಸತಿಯನ್ನು ಅಂದಾಜಿಗೆ ಸೇರಿಸತಕ್ಕದ್ದು. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ. ನೀರು ತಿಳಿಯಾಗಿರುವ ಡಿಸೆಂಬರ್-ಜನವರಿಯಲ್ಲಿ ಹತ್ತಿ, ಮೆಣಸಿನಕಾಯಿಯ ಆವಕ. ಆಗಲೂ ಶನಿವಾರ ರಾತ್ರಿ ಹೊರಟು, ಭಾನುವಾರ ಮುಳುಗಿ, ಸೋಮವಾರ ಮರಳಿದರೆ ನಷ್ಟವಾಗುವುದು ಒಂದೇ ದಿನದ ವಹಿವಾಟು. ಅಂಡಮಾನಿಗೆ ಐದು ದಿನವಾದರೂ ಬೇಕು.