ವಸ್ತುಸಂಗ್ರಹಾಲಯಕ್ಕೆ ಪರದೆ ಮೊದಲೋ, ಪಟ್ಟಿ ಮೊದಲೋ?

ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2020ರ ಡಿಸೆಂಬರ್‌ನಲ್ಲಿ ಅಂತರಜಾಲದಲ್ಲಿ ಆರಂಭವಾಯಿತು; ಕಸ್ತೂರಬಾ ರಸ್ತೆಯ ಕಟ್ಟಡದ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ. ಸಂದರ್ಶಕರು ಬರುವ ಮೊದಲೇ ಸಂಗ್ರಹವು ಅವರ ಮನೆಯನ್ನು ತಲುಪಿತ್ತು.

ಇದರ ತಳಹದಿ ಯಂತ್ರವಲ್ಲ, ದಾಖಲೆ. ಭಾರತೀಯ ವಸ್ತುಸಂಗ್ರಹಾಲಯಗಳಿಗಾಗಿ ಸಿ-ಡ್ಯಾಕ್ ರೂಪಿಸಿದ ‘ಜತನ್’ ತಂತ್ರಾಂಶದ ಕೆಲಸವೂ ನಮ್ಮ ದಾಸ್ತಾನು ಪುಸ್ತಕದಂಥದೇ: ಪ್ರತಿ ವಸ್ತುವಿಗೆ ಕ್ರಮಸಂಖ್ಯೆ, ಛಾಯಾಚಿತ್ರ, ವಿವರಣೆ. ಗೋಡೆಯ ಕ್ಯೂಆರ್ ಸಂಕೇತ, ಮೊಬೈಲಿನ ಧ್ವನಿ ವಿವರಣೆ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಚಿತ್ರಗಳೆಲ್ಲವೂ ಅಲ್ಲಿಂದಲೇ ಹೊರಡುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೆಯ ತಕ್ಕಡಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ವಹಿವಾಟಿನ ಖಾತೆ ಪುಸ್ತಕಗಳಿವೆ. ಗೆದ್ದಲು ನಮ್ಮ ನಿರ್ಣಯಕ್ಕಾಗಿ ಕಾಯುವುದಿಲ್ಲ. ಸಂಗ್ರಹಾಲಯಕ್ಕೆ ನೆರವು ಕೋರಿ ಬಂದವರು ಸ್ಪರ್ಶಪರದೆಯ ದರಪಟ್ಟಿ ತೋರಿಸಿದರೆ, ಸದಸ್ಯರು ಮೊದಲು ವಸ್ತುಗಳ ಪಟ್ಟಿಯನ್ನು ಕೇಳಬೇಕು. ಪರದೆ ಬೇಗ ಹಳತಾಗುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಗಣಕಯಂತ್ರಕ್ಕೆ ಶೇ. 40 ಸವಕಳಿಯನ್ನು ಸುಮ್ಮನೆ ಇಟ್ಟಿಲ್ಲ. ಹಿರಿಯರಿಂದ ಕೇಳಿ ಬರೆದಿಟ್ಟ ವಿವರಣೆಗೆ ಸವಕಳಿಯಿಲ್ಲ, ಆದರೆ ಹೇಳುವ ಹಿರಿಯರು ಇರುವಾಗಲೇ ಬರೆಯಬೇಕು.

ಪರಂಪರೆಯ ರಕ್ಷಣೆಯು ಕಂಪನಿ ಕಾಯ್ದೆ, 2013ರ 7ನೇ ಅನುಸೂಚಿಯಲ್ಲಿ ಸೇರಿರುವುದರಿಂದ, ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಈ ಪಟ್ಟಿಯ ಕೆಲಸಕ್ಕೂ ಕೋರಬಹುದು.