ನಮ್ಮೂರ ತಂಡ, ನಮ್ಮೂರ ತಕರಾರು

ಬೆಂಗಳೂರಿನ ಫುಟ್‌ಬಾಲ್ ಮತ್ತು ಕೊಡಗಿನ ಹಾಕಿ, ಕರ್ನಾಟಕದಲ್ಲಿ ಊರಿನ ಹೆಸರಿನೊಂದಿಗೇ ಬೆಸೆದುಕೊಂಡ ಎರಡು ಆಟಗಳು. ಎರಡಕ್ಕೂ ನಿಷ್ಠಾವಂತ ಅಭಿಮಾನಿಗಳಿದ್ದಾರೆ. ತಂಡದ ಆಯ್ಕೆ, ಕೋಚ್‌ನ ತಂತ್ರ, ರೆಫರಿಯ ತೀರ್ಪು, ಮೈದಾನದ ಸ್ಥಿತಿ, ಯಾವುದರ ಬಗ್ಗೆ ಕೇಳಿದರೂ ಅವರಲ್ಲಿ ಗಟ್ಟಿಯಾದ ಅಭಿಪ್ರಾಯವಿರುತ್ತದೆ. ಆದರೆ ಆ ಅಭಿಪ್ರಾಯಗಳ ಸ್ವರೂಪ ಬೇರೆ ಬೇರೆ. ಫುಟ್‌ಬಾಲ್ ಅಭಿಮಾನಿಗೆ ಋತುವಿನುದ್ದಕ್ಕೂ ಆಡುವ, ಅಂಕಪಟ್ಟಿಯಲ್ಲಿ ಏಳುಬೀಳು ಕಾಣುವ ಒಂದು ಕ್ಲಬ್ ಇದೆ. ಹಾಕಿ ಅಭಿಮಾನಿಗೆ ಅಂಥದ್ದೊಂದು ತಂಡವಿಲ್ಲ. ಅವನ ಅಭಿಮಾನ ಒಂದು ಕಡೆ ಮನೆತನಕ್ಕೆ, ಇನ್ನೊಂದು ಕಡೆ ನೇರವಾಗಿ ದೇಶದ ತಂಡಕ್ಕೆ ಅಂಟಿಕೊಂಡಿದೆ. ಇಬ್ಬರ ಮೆಚ್ಚುಗೆಗೂ ತಕರಾರಿಗೂ ಇರುವ ವ್ಯತ್ಯಾಸ ಹುಟ್ಟುವುದು ಇಲ್ಲಿಂದಲೇ.

ದಂಡು ಪ್ರದೇಶದ ನೆನಪುಗಳು

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಸೇನೆಯ ದಂಡು ಪ್ರದೇಶದ ಮೂಲಕ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಬೀದಿ ಮತ್ತು ಬಯಲುಗಳಲ್ಲಿ ಆಟ ಬೇರೂರಿತು. ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೇ ನಿಂತಿದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಅದುವರೆಗೆ ಬ್ರಿಟಿಷ್ ಪಡೆಗಳ ತಂಡಗಳ ಕೈಯಲ್ಲೇ ಇದ್ದ ಆ ಕಪ್ ಭಾರತೀಯ ತಂಡವೊಂದರ ಪಾಲಾದದ್ದು ಅದೇ ಮೊದಲು. ಮರುವರ್ಷವೂ ಅದೇ ತಂಡ ಗೆದ್ದಿತು.

ಸ್ವಾತಂತ್ರ್ಯದ ನಂತರದ ಮೊದಲ ಒಲಿಂಪಿಕ್ಸ್‌ನಲ್ಲಿ, 1948ರ ಲಂಡನ್ ಕೂಟದಲ್ಲಿ, ಭಾರತದ ಹಲವು ಆಟಗಾರರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ‘ಪಂಚಪಾಂಡವರು’ ಎಂದೇ ಹೆಸರಾದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. 1990ರ ದಶಕದಲ್ಲಿ ಇದೇ ಹಾದಿಯಲ್ಲಿ ಹೋದವರು ಕಾರ್ಲ್ಟನ್ ಚಾಪ್‌ಮನ್. 1993ರಲ್ಲಿ ಇರಾಕ್‌ನ ಅಲ್ ಜವ್ರಾ ವಿರುದ್ಧ ಈಸ್ಟ್ ಬೆಂಗಾಲ್ 6–2ರಿಂದ ಗೆದ್ದ ಪಂದ್ಯದಲ್ಲಿ ಅವರದು ಹ್ಯಾಟ್ರಿಕ್.

ಹಳೆಯ ಅಭಿಮಾನಿಗಳ ಮೊದಲ ತಕರಾರು ಇಲ್ಲೇ ಇದೆ: ಬೆಳೆಸಿದ್ದು ಬೆಂಗಳೂರು, ಆಡಿಸಿದ್ದು ಕೋಲ್ಕತ್ತ. ನಗರದಲ್ಲಿ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳೂ ಎಎಸ್‌ಸಿ, ಎಂಇಜಿಯಂಥ ಸೇನಾ ಘಟಕಗಳೂ ತಂಡ ಕಟ್ಟಿದ್ದವು. ಆಟಗಾರನಿಗೆ ನೌಕರಿ ಸಿಗುತ್ತಿತ್ತು, ಲೀಗ್ ಪಂದ್ಯಗಳಿಗೆ ಕಾರ್ಮಿಕರು ಸೇರುತ್ತಿದ್ದರು. ಆದರೆ ಇಡೀ ಊರು ತನ್ನದೆಂದು ಹೇಳಿಕೊಳ್ಳುವ ಕ್ಲಬ್ ಆಗಿರಲಿಲ್ಲ. ಊರಿನ ಹೆಮ್ಮೆಗೆ ಉಳಿದದ್ದು ರಾಜ್ಯ ತಂಡ. ಸಂತೋಷ್ ಟ್ರೋಫಿಯನ್ನು ಮೈಸೂರು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದುಕೊಂಡಿತು. ಆಮೇಲೆ 54 ವರ್ಷಗಳ ಬರ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮುರಿಯಿತು. ಫೈನಲ್ ವಿದೇಶದಲ್ಲಿ ನಡೆದದ್ದರಿಂದ, ಅಷ್ಟು ಕಾಲ ಕಾದ ಅಭಿಮಾನಿಗಳಲ್ಲಿ ಹೆಚ್ಚಿನವರಿಗೆ ಗೆಲುವನ್ನು ಮೈದಾನದಲ್ಲಿ ಕೂತು ನೋಡುವ ಭಾಗ್ಯ ಸಿಗಲಿಲ್ಲ.

ನೀಲಿ ಅಂಗಿ

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಸ್ಥಾಪಿಸಿದ ಮೇಲೆ ಚಿತ್ರ ಬದಲಾಯಿತು. ಆಶ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ ಮೊದಲ ಋತುವಿನಲ್ಲೇ ತಂಡ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೊಮ್ಮೆ. 2016ರ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು 3–1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ಅಲ್ ಕುವಾ ಅಲ್ ಜವಿಯಾ ಒಂದೇ ಗೋಲಿನಿಂದ ಗೆದ್ದಿತು.

ಕ್ಲಬ್ ಬಂದ ಮೇಲೆ ಅಭಿಮಾನಿಗಳ ಮಾತಿಗೆ ಹೊಸ ಶಿಸ್ತು ಬಂತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಹೆಸರಿನ ಗುಂಪು ತೊಂಬತ್ತು ನಿಮಿಷವೂ ನಿಂತು ಹಾಡುವುದನ್ನು ರೂಢಿ ಮಾಡಿತು. ಈ ವಾರ ಆಡಿದ ಮಾತಿನ ಸರಿತಪ್ಪು ಮುಂದಿನ ಪಂದ್ಯದಲ್ಲೇ ಗೊತ್ತಾಗುವುದರಿಂದ ವಾದಗಳೂ ಸೂಕ್ಷ್ಮವಾದವು. 2018ರ ಮಾರ್ಚ್ 17ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ತವರಿನ ಕಂಠೀರವದಲ್ಲಿ ಒಂಬತ್ತನೇ ನಿಮಿಷಕ್ಕೇ ಸುನಿಲ್ ಛೇತ್ರಿ ಗೋಲು ಹೊಡೆದಿದ್ದರು. ಆದರೆ ಚೆನ್ನೈಯಿನ್ ತಂಡದ ಡಿಫೆಂಡರ್ ಮೈಲ್ಸನ್ ಆಲ್ವೆಸ್ ವಿರಾಮದೊಳಗೆ ಎರಡು ಬಾರಿ, ಎರಡೂ ಸಲ ಕಾರ್ನರ್ ಕಿಕ್‌ಗೆ ತಲೆಕೊಟ್ಟು, ಚೆಂಡನ್ನು ಬಲೆಗೆ ಸೇರಿಸಿದರು. ಬೆಂಗಳೂರು 2–3ರಿಂದ ಸೋತಿತು. ಲೀಗ್ ಹಂತದಲ್ಲಿ ಅಗ್ರಸ್ಥಾನದಲ್ಲಿದ್ದ ತಂಡ ಒಂದೇ ತಪ್ಪನ್ನು ಎರಡು ಸಲ ಮಾಡಿತೆಂಬ ಕೊರಗು ಅಭಿಮಾನಿಗಳಲ್ಲಿ ಉಳಿಯಿತು. ಮರುವರ್ಷ ಅದೇ ದಿನಾಂಕದಂದು ಮುಂಬೈನಲ್ಲಿ ಗೋವಾ ವಿರುದ್ಧದ ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್‌ಗೆ ರಾಹುಲ್ ಭೆಕೆ ತಲೆಕೊಟ್ಟರು, ಕಪ್ ಬೆಂಗಳೂರಿಗೆ ಬಂತು. ಹಿಂದಿನ ವರ್ಷ ಯಾವ ಕಾರ್ನರ್ ಮುಳುವಾಗಿತ್ತೋ ಅದೇ ಕಾರ್ನರ್ ಈ ಸಲ ಕೈಹಿಡಿಯಿತು.

ಇಷ್ಟಾದರೂ ಒಂದು ಪ್ರಶ್ನೆ ಹಾಗೇ ಉಳಿದಿದೆ: ‘ನಮ್ಮೂರ’ ತಂಡದಲ್ಲಿ ನಮ್ಮೂರ ಹುಡುಗರು ಎಷ್ಟು? ಕ್ಲಬ್‌ನ ಮುಖವೇ ಆಗಿರುವ ಛೇತ್ರಿ ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ. ಈ ವಿಷಯದಲ್ಲಿ ಅಭಿಮಾನಿಗಳು ಇಬ್ಭಾಗ. ಊರಿನ ಅಂಗಿ ತೊಟ್ಟು ಬೆವರು ಸುರಿಸಿದವನು ಊರಿನವನೇ ಎನ್ನುವುದು ಒಂದು ವಾದ. ಮೊದಲಿನಿಂದಲೂ ಆಟಗಾರರನ್ನು ಹೆತ್ತ ಬಡಾವಣೆಗಳ ಮಕ್ಕಳಿಗೆ ಮೊದಲ ತಂಡದಲ್ಲಿ ಜಾಗ ಸಿಗದಿದ್ದರೆ ಹೆಸರಿಗಷ್ಟೇ ಬೆಂಗಳೂರು ಎನ್ನುವುದು ಇನ್ನೊಂದು. ವೃತ್ತಿಪರ ಕ್ಲಬ್ ಆಟಗಾರರನ್ನು ದೇಶ ವಿದೇಶದ ಮಾರುಕಟ್ಟೆಯಿಂದ ಕೊಳ್ಳುವುದರಿಂದ, ಎರಡನೆಯ ವಾದಕ್ಕೆ ಉತ್ತರವೇನಿದ್ದರೂ ಅಕಾಡೆಮಿಯಿಂದಲೇ ಬರಬೇಕು.

ಸೀಟಿ ಊದದ ರೆಫರಿ

ಒಂದೇ ಘಟನೆಯನ್ನು ಎರಡು ಊರಿನವರು ಹೇಗೆ ಬೇರೆ ಬೇರೆಯಾಗಿ ಕಾಣುತ್ತಾರೆ ಎನ್ನುವುದಕ್ಕೆ 2023ರ ಮಾರ್ಚ್ 3ರ ಪಂದ್ಯವನ್ನು ಮೀರಿಸಿದ್ದಿಲ್ಲ. ಬೆಂಗಳೂರಿನಲ್ಲಿ ಮಲಯಾಳಿಗಳ ಸಂಖ್ಯೆ ದೊಡ್ಡದು. ಹೀಗಾಗಿ ಕೇರಳ ಬ್ಲಾಸ್ಟರ್ಸ್ ಬಂದಾಗಲೆಲ್ಲ ಕಂಠೀರವದಲ್ಲಿ ನೀಲಿಯ ಜೊತೆ ಹಳದಿಯೂ ಎದ್ದು ಕಾಣುತ್ತದೆ. ಅಂದಿನ ನಾಕೌಟ್ ಪಂದ್ಯ ನಿಗದಿತ ಅವಧಿಯಲ್ಲಿ ಗೋಲಿಲ್ಲದೆ ಮುಗಿದಿತ್ತು. 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಇನ್ನೂ ಗೋಡೆ ಕಟ್ಟುವುದರಲ್ಲಿದ್ದರು, ಗೋಲ್‌ಕೀಪರ್ ಸಿದ್ಧವಾಗಿರಲಿಲ್ಲ. ಛೇತ್ರಿ ಥಟ್ಟನೆ ಚೆಂಡನ್ನು ಬಲೆಗೆ ತೂರಿದರು. ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಆಟಗಾರರನ್ನು ಹೊರಗೆ ಕರೆಸಿಕೊಂಡರು. ತಂಡ ಮರಳಿ ಬರಲಿಲ್ಲ, ಬೆಂಗಳೂರನ್ನು ವಿಜೇತ ಎಂದು ಘೋಷಿಸಲಾಯಿತು.

ನಿಯಮದ ಪ್ರಕಾರ ಫ್ರೀ ಕಿಕ್ ಹೊಡೆಯುವ ತಂಡ ಸೀಟಿಗಾಗಿ ಕಾಯಬೇಕಾಗಿಲ್ಲ. ಎದುರಾಳಿಗಳನ್ನು 9.15 ಮೀಟರ್ ಹಿಂದೆ ಸರಿಸಲು ರೆಫರಿ ಮುಂದಾಗಿ ಆಟ ತಡೆದಿದ್ದರೆ ಮಾತ್ರ ಮತ್ತೆ ಆರಂಭಿಸಲು ಸೀಟಿ ಬೇಕು. ಬೆಂಗಳೂರಿನ ಅಭಿಮಾನಿ ಹಿಡಿದದ್ದು ಮೊದಲ ಅಂಶವನ್ನು, ಕೇರಳದವರು ಹಿಡಿದದ್ದು ಎರಡನೆಯದನ್ನು. ಭಾರತೀಯ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ತೀರ್ಪು ಬಂದರೂ ವಾದ ಮುಗಿಯಲಿಲ್ಲ. ಪಂದ್ಯದ ಫಲಿತಾಂಶ ದಾಖಲೆಗೆ ಸೇರಿತು, ಗೋಲಿನ ನ್ಯಾಯ ಅನ್ಯಾಯ ಎರಡೂ ಕಡೆಯ ಅಭಿಮಾನಿಗಳ ಬಾಯಲ್ಲಿ ಉಳಿಯಿತು.

ಒಕ್ಕದ ಹಾಕಿ

ಕೊಡಗಿನಲ್ಲಿ ಅಭಿಮಾನದ ಘಟಕ ಮನೆತನ, ಅಂದರೆ ಒಕ್ಕ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಕೊಡವ ಕೌಟುಂಬಿಕ ಹಾಕಿ ಉತ್ಸವ ಆರಂಭಿಸಿದಾಗ ಆಡಿದ್ದು 60 ಕುಟುಂಬಗಳ ತಂಡಗಳು. ಪ್ರತಿವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಆ ವರ್ಷದ ಕಪ್ಪಿಗೆ ಆ ಮನೆತನದ ಹೆಸರೇ ಇರುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ಕುಟುಂಬಗಳು ಹೆಸರು ಕೊಟ್ಟವು.

ಕಾಫಿ ಕೊಯ್ಲು ಮುಗಿದು ಶಾಲೆಗಳಿಗೆ ರಜೆ ಬಿದ್ದ ಬೇಸಿಗೆಯಲ್ಲಿ ಉತ್ಸವ ನಡೆಯುತ್ತದೆ. ಗಾಳಿಯಲ್ಲಿ ಗುಂಡು ಹಾರಿಸಿ, ಬೆಳ್ಳಿಯ ಸ್ಟಿಕ್‌ನಿಂದ ಬೆಳ್ಳಿಯ ಚೆಂಡು ತಳ್ಳಿ ಉದ್ಘಾಟಿಸುತ್ತಾರೆ. ವೀಕ್ಷಕ ವಿವರಣೆ ಕೊಡವ ಭಾಷೆಯಲ್ಲಿ. ಒಂದೇ ತಂಡದಲ್ಲಿ ದೇಶಕ್ಕೆ ಆಡಿದವರು, ಶಾಲಾ ಮಕ್ಕಳು, ಹೆಣ್ಣುಮಕ್ಕಳು, ಕೂದಲು ನರೆತ ಹಿರಿಯರು ಇರಬಹುದು. ಇಲ್ಲಿ ಆಟಗಾರನನ್ನು ಖರೀದಿಸುವಂತಿಲ್ಲ, ಬಿಟ್ಟುಕೊಡುವಂತೆಯೂ ಇಲ್ಲ. ಹುಟ್ಟಿದ ಮನೆಯೇ ತಂಡ. ಹೀಗಾಗಿ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಯನ್ನು ಕಾಡುವ ‘ನಮ್ಮವರು ಯಾರು’ ಎಂಬ ಪ್ರಶ್ನೆ ಈ ಮೈದಾನದಲ್ಲಿ ಏಳುವುದೇ ಇಲ್ಲ. ನೋಡುವವರಲ್ಲಿ ಬಹುಪಾಲು ಜನ ಆಡುವವರ ಬಂಧುಗಳು. ಟೀಕೆಯೂ ಅದೇ ಸಲಿಗೆಯದು, ಸಂಜೆ ಊಟದ ಹೊತ್ತಿಗೆ ಅದು ಆಡಿದವನ ಕಿವಿಗೇ ಬೀಳುತ್ತದೆ.

ನಾಲ್ಕರಿಂದ ಸೊನ್ನೆಗೆ

ಕುಟುಂಬದ ಆಟದಾಚೆ ಕೊಡಗಿನ ಅಭಿಮಾನಿ ಲೆಕ್ಕ ಹಾಕುವುದು ದೇಶದ ತಂಡದಲ್ಲಿ ತಮ್ಮವರು ಎಷ್ಟು ಎಂದು. ಆ ಪಟ್ಟಿ ಉದ್ದವಾಗಿದೆ. ಫುಟ್‌ಬಾಲ್‌ನಿಂದ ಹಾಕಿಗೆ ಬಂದ ಎಂ. ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕ, ತಂಡ ರನ್ನರ್ ಅಪ್. ಬಿ. ಪಿ. ಗೋವಿಂದ ಅದೇ ಕಾಲದ ಮುನ್ನಡೆ ಆಟಗಾರ. ಎಂ. ಎಂ. ಸೋಮಯ್ಯ 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ದು, 1988ರ ಸೋಲ್‌ನಲ್ಲಿ ನಾಯಕರಾದರು. ಆಮೇಲೆ ಎ. ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ. ಬೆಂಗಳೂರಿನವರ ಪಾಲೂ ಕಡಿಮೆಯಲ್ಲ: 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಹೊಡೆತಗಳನ್ನು ತಡೆದಾಗ ಭಾರತಕ್ಕೆ 32 ವರ್ಷಗಳ ಬಳಿಕ ಚಿನ್ನ ದಕ್ಕಿತು.

2016ರ ರಿಯೊ ಒಲಿಂಪಿಕ್ಸ್‌ನ 16 ಮಂದಿಯ ಪುರುಷರ ತಂಡದಲ್ಲಿ ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಇದ್ದರು. ನಾಲ್ವರೂ ಕೊಡಗಿನವರು. ಟೋಕಿಯೊ ಮತ್ತು 2024ರ ಪ್ಯಾರಿಸ್ ಕೂಟಗಳಲ್ಲಿ ಭಾರತ ಕಂಚು ಗೆದ್ದಾಗ ಕರ್ನಾಟಕದ ಒಬ್ಬ ಆಟಗಾರನೂ ತಂಡದಲ್ಲಿರಲಿಲ್ಲ. ಎರಡೂ ಪದಕಗಳಿಗೆ ತಯಾರಿ ನಡೆದದ್ದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲೇ ಎನ್ನುವುದು ಇಲ್ಲಿನ ಅಭಿಮಾನಿಗಳಿಗೆ ಇನ್ನಷ್ಟು ಚುಚ್ಚುವ ಸಂಗತಿ. ಆಯ್ಕೆಗಾರರು ದಕ್ಷಿಣವನ್ನು ಕಡೆಗಣಿಸಿದರು ಎನ್ನುವವರಿದ್ದಾರೆ. ಪಂಜಾಬ್ ಮತ್ತು ಒಡಿಶಾ ಮಕ್ಕಳನ್ನು ಎಳೆಯ ವಯಸ್ಸಿಗೇ ಅಕಾಡೆಮಿಗೆ ಸೇರಿಸಿಕೊಂಡು ಬೆಳೆಸುವಾಗ ನಾವು ಹಳೆಯ ಹೆಸರುಗಳನ್ನು ಎಣಿಸುತ್ತ ಕೂತೆವು ಎನ್ನುವವರೂ ಇದ್ದಾರೆ. ಎರಡನೆಯ ಮಾತಿನ ಕಡೆಗೇ ತೂಕ ಹೆಚ್ಚು.

ಹುಲ್ಲು, ಟರ್ಫ್, ಟ್ರ್ಯಾಕ್

ಎರಡೂ ಆಟದವರ ದೂರು ಸೇರುವ ಜಾಗ ಮೈದಾನ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು, ಭಾರತ ಏಳನೇ ಸ್ಥಾನಕ್ಕೆ ಕುಸಿಯಿತು. ಹುಲ್ಲಿನ ಮೇಲೆ ಚೆಂಡು ಪುಟಿಯುತ್ತ ನಿಧಾನಿಸುತ್ತದೆ, ಡ್ರಿಬ್ಲಿಂಗ್‌ಗೆ ಬೆಲೆ ಸಿಗುತ್ತದೆ. ನೀರು ಚಿಮುಕಿಸಿದ ಟರ್ಫ್‌ನಲ್ಲಿ ಚೆಂಡು ನೆಲಕ್ಕಂಟಿ ಹರಿಯುತ್ತದೆ, ಅಲ್ಲಿ ಓಟ ಮತ್ತು ನೇರ ಪಾಸ್ ಗೆಲ್ಲುತ್ತವೆ. ಟರ್ಫ್ ಹಾಸಲು ಕೋಟಿಗಟ್ಟಲೆ ಹಣ ಬೇಕು, ಕೆಲವು ವರ್ಷಗಳಿಗೊಮ್ಮೆ ಬದಲಿಸಲೂ ಬೇಕು. ಕೊಡಗಿನಲ್ಲಿ ಕೂಡಿಗೆ, ಪೊನ್ನಂಪೇಟೆ, ಸೋಮವಾರಪೇಟೆಗಳಿಗೆ ಟರ್ಫ್ ಬಂದಿದೆ. ಆದರೆ ಹಳ್ಳಿ ಮೈದಾನದಲ್ಲಿ ಕಲಿತ ಹುಡುಗ ದಿನವೂ ಅಲ್ಲಿಗೆ ಹೋಗಿ ಅಭ್ಯಾಸ ಮಾಡುವುದು ಸುಲಭವಲ್ಲ.

ಬೆಂಗಳೂರಿನ ಫುಟ್‌ಬಾಲ್‌ನ ತೊಡಕು ಬೇರೆ. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಆಟದ ಅಂಕಣಕ್ಕೂ ಪ್ರೇಕ್ಷಕರಿಗೂ ನಡುವೆ ಓಟದ ಟ್ರ್ಯಾಕ್ ಇದೆ, ಆದ್ದರಿಂದ ಗೋಲಿನ ಹಿಂದೆ ಕೂತವರಿಗೆ ಆಟ ದೂರವಾಗುತ್ತದೆ. ಕ್ಲಬ್‌ನಿಂದ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂಬ ಅಥ್ಲೆಟಿಕ್ಸ್ ವಲಯದ ದೂರು ಹೈಕೋರ್ಟ್‌ವರೆಗೆ ಹೋಗಿತ್ತು. ಫುಟ್‌ಬಾಲ್‌ಗೆಂದೇ ದೊಡ್ಡ ಕ್ರೀಡಾಂಗಣವೊಂದಿದ್ದರೆ ಈ ಜಗಳ ಹುಟ್ಟುತ್ತಲೇ ಇರಲಿಲ್ಲ ಎನ್ನುವ ವಿಷಯದಲ್ಲಿ ಅಥ್ಲೀಟ್‌ಗಳೂ ಅಭಿಮಾನಿಗಳೂ ಒಂದೇ ಅಭಿಪ್ರಾಯದವರು.

ಲೀಗ್ ಇದ್ದರೆ ತಂಡ

ಹಾಕಿಯಲ್ಲೂ ಊರಿನ ತಂಡ ಕಟ್ಟುವ ಪ್ರಯತ್ನಗಳಾಗಿವೆ. 2005ರಲ್ಲಿ ಶುರುವಾದ ಪ್ರೀಮಿಯರ್ ಹಾಕಿ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿತ್ತು, 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಕರ್ನಾಟಕ ಲಯನ್ಸ್ ಆಡಿತು. ಎರಡೂ ಲೀಗ್‌ಗಳು ಬಾಳಲಿಲ್ಲ. 2013ರಿಂದ 2017ರವರೆಗೆ ನಡೆದ ಹಾಕಿ ಇಂಡಿಯಾ ಲೀಗ್‌ನಲ್ಲಿ ರಾಜ್ಯದ ತಂಡವೇ ಇರಲಿಲ್ಲ. ಸೋಮವಾರಪೇಟೆಯ ಸುನಿಲ್ ಪಂಜಾಬ್ ತಂಡಕ್ಕೆ ಆಡಿದರು, ರಘುನಾಥ್ ಉತ್ತರ ಪ್ರದೇಶದ ತಂಡಕ್ಕೆ. 2024ರ ಡಿಸೆಂಬರ್‌ನಲ್ಲಿ ಲೀಗ್ ಮತ್ತೆ ಆರಂಭವಾದಾಗ ತಮಿಳುನಾಡು, ಹೈದರಾಬಾದ್ ಹೆಸರಿನ ತಂಡಗಳು ಬಂದವು, ಕರ್ನಾಟಕದ್ದು ಬರಲಿಲ್ಲ.

ಕ್ಲಬ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎನ್ನುವಂತೆಯೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಐಎಸ್‌ಎಲ್ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ 1–2ರಿಂದ ಸೋತ ಬೆಂಗಳೂರು ಎಫ್‌ಸಿ, ಆಗಸ್ಟ್ ಹೊತ್ತಿಗೆ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನೇ ತಡೆಹಿಡಿಯಬೇಕಾಯಿತು. ಲೀಗ್ ನಡೆಸುವ ಹಕ್ಕಿನ ಒಪ್ಪಂದ ನವೀಕರಣವಾಗದೆ ಹೊಸ ಋತುವೇ ಅತಂತ್ರವಾಗಿತ್ತು. ಊರಿನ ತಂಡ ಉಳಿಯಬೇಕಾದರೆ ಹಣ ಹೂಡುವವರು, ಸಮಯಕ್ಕೆ ನಡೆಯುವ ಲೀಗ್, ಕೆಳಹಂತದಲ್ಲಿ ಮಕ್ಕಳ ಪಂದ್ಯಾವಳಿಗಳು, ಆಡಲು ಮೈದಾನ, ಈ ನಾಲ್ಕೂ ಬೇಕು. ಬೆಂಗಳೂರಿನ ಫುಟ್‌ಬಾಲ್‌ಗೆ ಮೊದಲನೆಯದು ಸಿಕ್ಕಿದೆ, ಉಳಿದವು ಅರೆಬರೆ. ಕೊಡಗಿನ ಹಾಕಿಗೆ ಜನರ ಪ್ರೀತಿಯೂ ಆಡುವ ಕೈಗಳೂ ಧಾರಾಳವಾಗಿವೆ, ಅವನ್ನು ವರ್ಷವಿಡೀ ದುಡಿಸಿಕೊಳ್ಳುವ ಲೀಗ್ ತಂಡವೊಂದು ಇನ್ನೂ ಬರಬೇಕಿದೆ.