ಬೆಕ್ಕಿಗೂ ಉಂಟೇ ಸೂತಕ?

ಮನೆಯ ಬೆಕ್ಕು ಸತ್ತರೆ ಪ್ರಾಚೀನ ಈಜಿಪ್ಟಿನ ಜನ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು. ನಾಯಿ ಸತ್ತರಂತೂ ತಲೆ, ಮೈ ಎಲ್ಲವನ್ನೂ. ಕ್ರಿ.ಪೂ. ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟ ಸಂಗತಿ ಇದು. ಸತ್ತ ಬೆಕ್ಕನ್ನು ಬುಬಾಸ್ಟಿಸ್ ಪಟ್ಟಣಕ್ಕೆ ಒಯ್ದು, ದೇಹ ಕೆಡದಂತೆ ಲೇಪನ ಮಾಡಿ ಹೂಳುತ್ತಿದ್ದರಂತೆ. ಅದಕ್ಕೂ ಸುಮಾರು ಒಂಬತ್ತು ಶತಮಾನ ಮೊದಲೇ, ಮೂರನೆಯ ಅಮೆನ್‌ಹೊಟೆಪ್ ದೊರೆಯ ಮಗ ಥುಟ್‌ಮೋಸ್ ತನ್ನ ಬೆಕ್ಕಿಗೆ ಕಲ್ಲಿನ ಶವಪೆಟ್ಟಿಗೆ ಕೆತ್ತಿಸಿದ್ದ. ಬೆಕ್ಕಿನ ಹೆಸರು ತಾ-ಮಿಯು. (ಅರ್ಥ ಹೇಳಬೇಕಾಗಿಲ್ಲ!)

ಬೆಕ್ಕಿಗಾಗಿ ಮನುಷ್ಯ ಅತ್ತದ್ದಕ್ಕೆ ಹೀಗೆ ಸಾವಿರಾರು ವರ್ಷಗಳ ದಾಖಲೆ ಇದೆ. ಆದರೆ ಅದೇ ಮನೆಯಲ್ಲಿ ಉಳಿದ ಇನ್ನೊಂದು ಬೆಕ್ಕು ಏನು ಮಾಡಿತು? ಹೆರೊಡೋಟಸ್ ಅದನ್ನು ಬರೆಯಲಿಲ್ಲ. ಆ ಪ್ರಶ್ನೆಯನ್ನು ವಿಜ್ಞಾನ ಗಂಭೀರವಾಗಿ ಕೇಳತೊಡಗಿದ್ದು ತೀರಾ ಇತ್ತೀಚೆಗೆ.

ಇದಕ್ಕೆ ಬೆಕ್ಕಿನ ಮೇಲಿರುವ ಹಳೆಯ ಅಪವಾದವೂ ಕಾರಣ. ನಾಯಿ ಯಜಮಾನನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂಬ ಮಾತು ನಮ್ಮಲ್ಲೂ ಉಂಟು. ಅದರ ಮೂಲವಂಶವಾದ ಆಫ್ರಿಕದ ಕಾಡುಬೆಕ್ಕು ಒಂಟಿ ಬೇಟೆಗಾರ ಎಂಬುದು ನಿಜ. ಆದರೆ ಹೊಟ್ಟೆಗೆ ಧಾರಾಳ ಸಿಗುವ ಕಡೆ ಸಾಕುಬೆಕ್ಕುಗಳು ಗುಂಪಾಗಿ ಬಾಳುತ್ತವೆ. ಹೆಣ್ಣು ಬೆಕ್ಕುಗಳು ಒಂದರ ಮರಿಗೆ ಇನ್ನೊಂದು ಹಾಲುಣಿಸುವುದೂ ಇದೆ. ಸ್ನೇಹವಿರುವ ಎರಡು ಬೆಕ್ಕುಗಳು ಪರಸ್ಪರ ಮೈ ನೆಕ್ಕುತ್ತವೆ, ಕೆನ್ನೆ ತಿಕ್ಕುತ್ತವೆ, ಒತ್ತಿಕೊಂಡು ಮಲಗುತ್ತವೆ. ಹೀಗೆ ತಿಕ್ಕಾಡಿದಾಗ ಇಬ್ಬರ ವಾಸನೆಯೂ ಬೆರೆಯುತ್ತದೆ. ಬೆಕ್ಕಿನ ಪಾಲಿಗೆ ‘ನಮ್ಮವರು’ ಎಂದರೆ ಆ ವಾಸನೆ. ಒಂದು ಸತ್ತರೆ ವಾಸನೆ ದಿನದಿನಕ್ಕೂ ತೆಳುವಾಗುತ್ತದೆ, ಉಣ್ಣುವ-ಮಲಗುವ ಕ್ರಮವೂ ತಪ್ಪುತ್ತದೆ.

ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ 1996ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಜತೆಯ ಬೆಕ್ಕನ್ನು ಕಳೆದುಕೊಂಡವುಗಳ ಪೈಕಿ ಸುಮಾರು ಶೇ. 46ರಷ್ಟು ಆಹಾರ ಕಡಿಮೆ ಮಾಡಿದ್ದು ಕಂಡುಬಂತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ 152 ಬೆಕ್ಕುಗಳ ಬಗ್ಗೆ ಮಾಹಿತಿ ಕಲೆಹಾಕಿತು. ಶೇ. 43ರಷ್ಟು ಬೆಕ್ಕುಗಳು ಮೊದಲಿಗಿಂತ ಹೆಚ್ಚು ಕೂಗುತ್ತಿದ್ದವು. ಎಷ್ಟೋ ಬೆಕ್ಕುಗಳು ಸತ್ತ ಜತೆಗಾರನ ಮೆಚ್ಚಿನ ಜಾಗವನ್ನು ಹುಡುಕಿಕೊಂಡು ಹೋಗುತ್ತಿದ್ದವು. ಹೆಚ್ಚಿನವು ಆರು ತಿಂಗಳೊಳಗೆ ಮೊದಲಿನಂತಾದವು. 2024ರಲ್ಲಿ ಅಮೆರಿಕದ ಓಕ್‌ಲೆಂಡ್ ವಿಶ್ವವಿದ್ಯಾಲಯದ ಅಧ್ಯಯನವೂ ಇಂಥದನ್ನೇ ಹೇಳಿತು. ಜತೆಗೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಿತು. ಇವೆಲ್ಲ ಸಾಕಿದವರ ಬಾಯಿಂದ ಬಂದ ಮಾಹಿತಿ. ದುಃಖದಲ್ಲಿರುವ ಮನುಷ್ಯ ತನ್ನ ದುಃಖವನ್ನೇ ಬೆಕ್ಕಿನ ಮುಖದಲ್ಲಿ ಕಾಣಬಹುದಲ್ಲ?

ಬೆಕ್ಕಿಗೆ ಸಾವೆಂದರೆ ಏನೆಂದು ಗೊತ್ತೇ ಎಂಬ ಚರ್ಚೆ ಪಂಡಿತರಿಗಿರಲಿ. ಮನೆಯವರು ನೋಡಬೇಕಾದದ್ದು ಬಟ್ಟಲನ್ನು. ಮನುಷ್ಯ ಅಥವಾ ನಾಯಿಯಂತೆ ಬೆಕ್ಕು ಉಪವಾಸವನ್ನು ತಾಳಲಾರದು. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯಲ್ಲಿರುವ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ. ಅಷ್ಟನ್ನೂ ಬಳಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಕೊಬ್ಬು ಅಲ್ಲೇ ಕಟ್ಟಿಕೊಳ್ಳುತ್ತದೆ. ಒಸಡು, ಕಿವಿಯ ಒಳಭಾಗ ಹಳದಿಗೆ ತಿರುಗುತ್ತವೆ. ದಪ್ಪ ಬೆಕ್ಕುಗಳಿಗೆ ಅಪಾಯ ಇನ್ನೂ ಹೆಚ್ಚು. ಚಿಕಿತ್ಸೆ ತಡವಾದರೆ ಒಂದರ ಹಿಂದೆ ಇನ್ನೊಂದೂ ಹೋಗುತ್ತದೆ; ಕೊರಗಿ ಸತ್ತಿತು ಎಂದು ಜನ ಆಡಿಕೊಳ್ಳುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಆ ಸಾವನ್ನು ತಪ್ಪಿಸಬಹುದಿತ್ತು.

ಆದ್ದರಿಂದ ಒಂದು ಇಡೀ ದಿನ ಬಟ್ಟಲು ಮುಟ್ಟದ ಬೆಕ್ಕನ್ನು ಪಶುವೈದ್ಯರಲ್ಲಿಗೆ ಒಯ್ಯುವುದೇ ಸರಿ. ಮೊದಲನೆಯದನ್ನು ಕೊಂದ ರೋಗವೇ ಎರಡನೆಯದಕ್ಕೂ ತಗುಲಿರಬಹುದು ಎಂಬ ಅನುಮಾನವೂ ಆಗ ಪರಿಹಾರವಾಗುತ್ತದೆ. ಮಂಕಾಗಿದೆ, ಜ್ವರವಿರಬೇಕು ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬಾರದು. ಬೆಕ್ಕಿಗೆ ಅದು ವಿಷ. ಹಾಲಿಟ್ಟರೆ ಸಾಕೆಂಬುದು ನಮ್ಮ ಮನೆಗಳ ರೂಢಿ, ಆದರೆ ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ. ಬೇಯಿಸಿದ ಮೀನನ್ನೋ ಕೋಳಿಯನ್ನೋ ಮುಳ್ಳು-ಮೂಳೆ ತೆಗೆದು, ಈರುಳ್ಳಿ ಬೆಳ್ಳುಳ್ಳಿ ಸೋಕಿಸದೆ, ಉಗುರುಬೆಚ್ಚಗೆ ಮಾಡಿಟ್ಟರೆ ವಾಸನೆಗೆ ಮೂಗು ಅರಳೀತು.

ಉಳಿದದ್ದೆಲ್ಲ ತಾಳ್ಮೆಯ ಕೆಲಸ. ಊಟದ ಹೊತ್ತು, ಬಟ್ಟಲಿನ ಜಾಗ ಯಾವುದನ್ನೂ ಬದಲಿಸಬಾರದು. ಸತ್ತ ಬೆಕ್ಕು ಮಲಗುತ್ತಿದ್ದ ಗೋಣಿಯನ್ನೋ ಹಳೆಯ ಸೀರೆಯನ್ನೋ ಅಂದೇ ಒಗೆಯುವ ಅವಸರ ಬೇಡ. ಉಳಿದದ್ದು ಅಲ್ಲಿ ಹೋಗಿ ಮೂಸಿ, ಮಲಗಿ, ತಾನಾಗಿಯೇ ಒಂದು ದಿನ ಬಿಡುತ್ತದೆ. ಅಂಟುರೋಗದಿಂದ ಸತ್ತಿದ್ದರೆ ಮಾತ್ರ ಈ ಮಾತು ಸಲ್ಲದು. ಬೆಕ್ಕಿನ ಪಾರ್ವೊ ಜಾತಿಯ ವೈರಸ್ ವರ್ಷದವರೆಗೂ ಮನೆಯಲ್ಲಿ ಜೀವ ಹಿಡಿದಿರಬಲ್ಲದು. ರಾತ್ರಿ ಅದು ಕೂಗುತ್ತಾ ಅಲೆದರೆ ಗದರಬಾರದು. ಮಂಚದಡಿ ಅವಿತಿದ್ದರೆ ಎಳೆದು ಮುದ್ದಿಸಲೂಬಾರದು. ತೊಡೆಯೇರಿ ಬಂದಾಗ ಜಾಗ ಕೊಟ್ಟರಾಯಿತು.

ಮನೆಯವರು ಎಡವುವುದು ಹೆಚ್ಚಾಗಿ ಹೊಸ ಮರಿಯ ವಿಷಯದಲ್ಲಿ. ಜತೆ ಸಿಕ್ಕರೆ ಸುಧಾರಿಸೀತೆಂದು ಮಾರನೆಯ ದಿನವೇ ಮರಿಯೊಂದನ್ನು ತಂದು ಬಿಡುತ್ತಾರೆ. ಉಳಿದ ಬೆಕ್ಕಿನ ಕಣ್ಣಿಗೆ ಅದು ಗೆಳೆಯನ ಬದಲಿಯಲ್ಲ, ಮನೆಗೆ ನುಗ್ಗಿದ ಅನ್ಯ. ಹಳೆಯದು ಮೊದಲಿನಂತೆ ಉಂಡು, ಆಡತೊಡಗಿದ ಮೇಲೆ ತಂದರೂ ಮರಿಯನ್ನು ಬೇರೆ ಕೋಣೆಯಲ್ಲಿಟ್ಟು, ಇಬ್ಬರೂ ಮಲಗಿದ ಬಟ್ಟೆಗಳನ್ನು ಅದಲುಬದಲು ಮಾಡಿ, ಮೊದಲು ವಾಸನೆಯ ಪರಿಚಯ ಮಾಡಿಸಬೇಕು. ಬಾಗಿಲ ಸಂದಿಯಲ್ಲಿ ಇಬ್ಬರೂ ಮೂಸಿ, ಬುಸುಗುಟ್ಟದೆ ಹಿಂದಿರುಗುವವರೆಗೆ ಬಾಗಿಲು ಮುಚ್ಚಿಯೇ ಇರಲಿ. ಅದಕ್ಕೆ ಒಂದು ವಾರ ಹಿಡಿಯಬಹುದು, ತಿಂಗಳೂ ಹಿಡಿಯಬಹುದು.